ಬಲಗಲ್ಲದ ಬಿಸಿಲು

ಗೋಕಾಕದ ಮದುವೆ ಮಂಟಪದ ಹಿಂದೆ ಡ್ರೈವರುಗಳಿಗೆಂದು ಹಾಸಿದ್ದ ತಾಡಪತ್ರಿಯ ಕೊನೆಯಲ್ಲಿ ಕುಳಿತಿದ್ದ ವೃಷಭ, ತನ್ನ ಮುಂದಿನ ಎಲೆಯ ಅರ್ಧಕ್ಕೆ ಮಾತ್ರ ಬಿಸಿಲು ಬಿದ್ದಿರುವುದನ್ನು ನೋಡುತ್ತಿದ್ದ. ಉಪ್ಪು, ಉಪ್ಪಿನಕಾಯಿ ಬಿಸಿಲಿನಲ್ಲಿದ್ದವು, ಹೋಳಿಗೆ ನೆರಳಿನಲ್ಲಿತ್ತು. ಮುಂಜಾನೆ ಮುಂಬೈಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ತನಕ ಮುರಿಗೆಪ್ಪ ಸಾವಕಾರರನ್ನು ಸಣ್ಣ ಜೆಟ್ಟಿನಲ್ಲಿ ತಂದು ಇಳಿಸಿದ್ದು ಅವನೇ. ಸಾವಕಾರರು ತಂಗಿಯ ಮಗನ ಮದುವೆಗೆ ಅವನನ್ನೂ ಕರೆದಿದ್ದರು, ಅಂದರೆ ಕಾರು ಹತ್ತುವಾಗ "ಬಾರೋ ನೀನೂ" ಎಂದು ಗಾಳಿಗೆ ಹೇಳಿದ್ದರು. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ರುಮಾಲಿನ ಮುದುಕ ಅವನ ಬಿಳಿ ಅಂಗಿಯನ್ನೂ ಹೆಗಲ ಮೇಲಿನ ನಾಲ್ಕು ಬಂಗಾರದ ಪಟ್ಟಿಗಳನ್ನೂ ನೋಡಿ, ಬ್ಯಾಂಡಿನವನಿರಬೇಕೆಂದು ಮೊದಲು ಓಲಗದವರ ಕಡೆ ಕೈ ತೋರಿಸಿ, ಆಮೇಲೆ ಯಾರೋ ಕಿವಿಯಲ್ಲಿ ಹೇಳಿದ್ದಕ್ಕೆ, "ಹಂಗಾರ ಗಾಡಿಯವ್ರದು ಹಿಂದ ಐತ್ರಿ ಊಟ" ಎಂದಿದ್ದ. ಅವನು ಹಿಂದೆ ಬಂದು ಕುಳಿತಿದ್ದ. ಬೇರೆ ದಿನವಾಗಿದ್ದರೆ ಈ ಸಣ್ಣ ಗಾಯವನ್ನು ಸಂಜೆಯವರೆಗೆ ಕೆದಕುತ್ತಿದ್ದ. ಇವತ್ತು ಅದು ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿತು. ಯಾರೋ ತನ್ನನ್ನು ಸರಿಯಾದ ಜಾಗದಲ್ಲಿ ಕೂಡಿಸಿದರು ಎನ್ನುವಂತೆ.

"ಉಣ್ರಿ ಕ್ಯಾಪ್ಟನ್ನರ," ಎಂದ ಬಾಜೂದಲ್ಲಿದ್ದ ಉದ್ದಪ್ಪ, ಸಾವಕಾರರ ಜೀಪಿನ ಡ್ರೈವರ. "ಹೋಳಿಗಿ ಉಂಡ್ರ ವಜ್ಜಾಗಿ ಇಮಾನ ಮ್ಯಾಲ ಏಳೂದಿಲ್ಲೇನು ಮತ್ತ?"

"ಹಸಿವಿಲ್ಲ."

"ನಿಮ್ಮ ಗಾಡಿಗೆ ಹಾರ್ನ್ ಇರತೈತ್ರಿ?"

"ಐತಿ. ನೆಲದ ಮ್ಯಾಲ ಇದ್ದಾಗಷ್ಟ ಬಾರಸ್ತೀವಿ."

"ಮ್ಯಾಲ ಎಮ್ಮಿ ಅಡ್ಡ ಬರೂದಿಲ್ಲ, ಆರಾಮ ನೌಕರಿ ಬಿಡ್ರಿ," ಎಂದು ಉದ್ದಪ್ಪ ಹೇಳಿದಾಗ ಇಡೀ ಸಾಲು ನಕ್ಕಿತು. ವೃಷಭನೂ ನಕ್ಕ. ನಗುತ್ತಿರುವಾಗಲೇ ಅವನ ಕಿವಿಯಲ್ಲಿ ಆ ಸದ್ದು ಬಂತು, ಗುಟುಕು ಗುಟುಕಾಗಿ ಗಂಟಲಿಳಿಯುವ ನೀರಿನ ಸದ್ದು, ಮತ್ತು ಅವನು ಎಲೆಯನ್ನು ಮಡಚಿ ಎದ್ದ.

ಮುಂಜಾನೆ, ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ, ಶುಭಾಂಗಿಯ ಫೋನು ಬಂದಿತ್ತು. ಶುಭಾಂಗಿ ಅವನ ದೊಡ್ಡವ್ವ ಜಿನ್ನವ್ವನ ಮಗಳು; ಮೂಡಲಗಿಗೆ ಕೊಟ್ಟವಳು, ಈಗ ತಾಯಿಯನ್ನು ನೋಡಿಕೊಳ್ಳಲು ಕೊಣ್ಣೂರಿಗೆ ಬಂದು ಕುಳಿತವಳು. "ಅವ್ವ ಗಂಜೀನೂ ಬ್ಯಾಡ ಅನ್ನಾಕತ್ತಾಳೋ," ಎಂದಿದ್ದಳು. "ನೀ ಬಂದು ಹೇಳೂತನಕ ಬಾಯಿ ತಗ್ಯೂದಿಲ್ಲಂತ. ಆವತ್ತ ಇಮಾನದಾಗ ನೀರ ಕುಡದಾಗ ಹೊತ್ತ ಇತ್ತೋ ಮುಳಗಿತ್ತೋ, ಅದನ್ನ ನೀನ ಹೇಳಬೇಕಂತ."

"ಆವತ್ತ ಹೇಳಿದ್ನೆಲ್ಲಾ."

"ಮತ್ತೊಮ್ಮಿ ಹೇಳು. ಮುಳಗಿತ್ತಂದ್ರ ಪ್ರಾಯಶ್ಚಿತ್ತ ಅಂತ ಉಪಾಸ ಹಿಡೀತಾಳ. ಈ ಮೈಯಾಗ ಉಪಾಸ ತಡಿಯೂದಿಲ್ಲ ಅಂತ ಡಾಕ್ಟರ ಅಂದಾರ. ನೀ ಬಂದು ಇತ್ತು ಅನ್ನು, ಸಾಕು. ಒಂದ ಮಾತು."

ಒಂದೇ ಮಾತು. ಅದನ್ನು ಅವನು ಸಾಂಬ್ರಾದಿಂದ ಗೋಕಾಕಿನ ತನಕ ಬಾಯೊಳಗೇ ಉರುಳಿಸುತ್ತ ಬಂದಿದ್ದ. ಇತ್ತು. ಇತ್ತು ದೊಡ್ಡವ್ವ. ಹೇಳಿದಷ್ಟೂ ಆ ಮಾತು ಬಾಯಲ್ಲಿ ದೊಡ್ಡದಾಗುತ್ತ ಹೋಗಿತ್ತು.

ಕೊಣ್ಣೂರಿಗೆ ಬಿಡಲು ಉದ್ದಪ್ಪ ತಾನಾಗಿಯೇ ಒಪ್ಪಿದ. ಮದುವೆಯ ಓಲಗ ಹಿಂದೆ ಸರಿದು ರಸ್ತೆ ಬಂತು. ಕಬ್ಬು ಹೇರಿದ ಟ್ರಾಲಿಗಳ ಹಿಂದೆ ಜೀಪು ತೆವಳತೊಡಗಿದಾಗ ವೃಷಭ ಮತ್ತೆ ಆ ಸಂಜೆಯ ಒಳಗಿದ್ದ. ಅವನ ಕಂಪನಿಯ ಜೆಟ್ಟುಗಳು ಕರೆದವರ ಮನೆಬಾಗಿಲಿಗೆ ಹೋಗುವ ಟಾಂಗಾಗಳ ಹಾಗೆ. ಒಬ್ಬರನ್ನು ತರಲಿಕ್ಕೆ ಖಾಲಿ ಹೋಗಬೇಕು, ಒಬ್ಬರನ್ನು ಬಿಟ್ಟು ಖಾಲಿ ಬರಬೇಕು. ಅವನ ವರ್ಷದ ಅರ್ಧ ಹಾರಾಟ ಬಿಳಿ ಚರ್ಮದ ಏಳು ಖಾಲಿ ಕುರ್ಚಿಗಳನ್ನು ಹೊತ್ತು ತಿರುಗುವುದರಲ್ಲೇ ಕಳೆಯುತ್ತಿತ್ತು. ಮುಂಬೈಯ ಆಸ್ಪತ್ರೆಯವರು ದೊಡ್ಡವ್ವನನ್ನು ಊರಿಗೆ ಕರೆದುಕೊಂಡು ಹೋಗಿ ಎಂದು ಹೇಳಿದ ವಾರವೇ ಸಾವಕಾರರನ್ನು ತರಲು ಸಾಂಬ್ರಾಕ್ಕೆ ಖಾಲಿ ಹೋಗಬೇಕಾಗಿ ಬಂತು. ಕೇಳಲೋ ಬೇಡವೋ ಎಂದು ಮ್ಯಾನೇಜರನ ಕೋಣೆಯ ಹೊರಗೆ ನಿಂತಿದ್ದು, ಒಳಗೆ ಹೋದಾಗ ಆತ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಕರಕೊಂಡು ಹೋಗು. ಸೀಟಿನ ಮೇಲೆ ಏನಾದರೂ ಹಾಸು" ಎಂದದ್ದು. ಅವನು ಹೊಸ ಟವೆಲು ಕೊಂಡು ಹಾಸಿದ. ಆಂಬುಲೆನ್ಸಿನಿಂದ ಎತ್ತಿ ತಂದು ಕೂಡಿಸಿದಾಗ ದೊಡ್ಡವ್ವ ಅದರ ಮೇಲೆ ಅಂಗೈ ಆಡಿಸಿ, "ನನ್ನ ಸಲುವಾಗಿ ಎಷ್ಟ ಮೆತ್ತಗ ಹಾಸೀಯೋ" ಎಂದಳು. ಅವನು ಹೌದೆಂದ. ಅಲ್ಲಿಂದಲೇ ಶುರುವಾಗಿತ್ತೇನೋ, ಹೌದೆನ್ನುವುದು.

ಮದುವೆಯಾಗಿ ಬಂದ ಹೊಸದರಲ್ಲಿ ಊರಿಗೆ ಬಂದ ಜೈನ ಮುನಿಗಳೊಬ್ಬರ ಮುಂದೆ ದೊಡ್ಡವ್ವ ವ್ರತ ಹಿಡಿದಿದ್ದಳು, ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಹೆರಿಗೆಯಲ್ಲೂ ಬಿಟ್ಟಿರಲಿಲ್ಲ. ಮುಂಬೈಯ ನರ್ಸುಗಳು ಸಂಜೆಯ ಗುಳಿಗೆಗಳನ್ನು ತಂದು, ಬೈದು, ಹಾಗೇ ಒಯ್ದಿದ್ದರು. ಆ ದಿನ ಊರಿನಿಂದ ತಂದಿದ್ದ ಸೋಸಿದ ನೀರು ಮುಂಜಾನೆಯೇ ಮುಗಿದಿತ್ತು. ವಿಮಾನ ನಿಲ್ದಾಣದಲ್ಲಿ ದೊಡ್ಡ ವಿಮಾನಗಳ ಸಾಲಿನ ಹಿಂದೆ ಅವರ ಸಣ್ಣ ಜೆಟ್ಟು ಮಧ್ಯಾಹ್ನವೆಲ್ಲ ಕಾದಿತು. ಹಾರಿದಾಗ ಜೊತೆಗಿದ್ದ ಶುಭಾಂಗಿ ಒಮ್ಮೆ ಮಾತ್ರ ಕಿಟಕಿಯಿಂದ ಕೆಳಗಿನ ಹತ್ತಿಯಂಥ ಮೋಡಗಳನ್ನು ನೋಡಿ, "ಅವ್ವಾ, ಮಾಡ ಅರಳಿ ಹಾಸಿದಂಗ ಅದಾವ" ಎಂದವಳು, ಕೂಡಲೇ ವಾಂತಿಯ ಚೀಲವನ್ನು ಮುಖಕ್ಕೆ ಹಿಡಿದು ಕಣ್ಣು ಮುಚ್ಚಿದಳು. ಇಳಿಯುವ ತನಕ ತೆರೆಯಲಿಲ್ಲ. ದೊಡ್ಡವ್ವನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಕಾಕ್‌ಪಿಟ್ಟಿನ ಬಾಗಿಲು ತೆರೆದೇ ಇತ್ತು. ಇನ್ನೇನು ಇಳಿಯತೊಡಗಬೇಕು ಎನ್ನುವಾಗ ಹಿಂದಿನಿಂದ ಆಕೆಯ ದನಿ ಬಂತು: "ವೃಷಭಾ, ಹೊತ್ತ ಐತೇನೋ?"

ಎಡಗಡೆಯ ಕುರ್ಚಿಯಲ್ಲಿ ಅವನಿದ್ದ. ದಕ್ಷಿಣಕ್ಕೆ ಮುಖ ಮಾಡಿದ ವಿಮಾನದಲ್ಲಿ ಪಡುವಣ ಬಲಕ್ಕಿತ್ತು, ಬಲಗಡೆಯ ಕುರ್ಚಿಯಲ್ಲಿ ಅವನ ಸಹಪೈಲಟ್ ಸುಮನ್ ಇದ್ದಳು. ಕಿವಿಯಲ್ಲಿ ರೇಡಿಯೋದವನು ಎತ್ತರ ಹೇಳುತ್ತಿದ್ದ. ವೃಷಭನ ಕಿಟಕಿಯ ಆಚೆ, ಮೂಡಣದಲ್ಲಿ, ಭೂಮಿಯ ನೆರಳು ನೀಲಿಯಾಗಿ ದಿಗಂತದಿಂದ ಮೇಲೇಳುತ್ತಿತ್ತು, ಯಾರೋ ಕಂಬಳಿಯನ್ನು ನಿಧಾನವಾಗಿ ಎಳೆದು ಹೊದೆಯುತ್ತಿರುವಂತೆ. ಅದನ್ನೇ ನೋಡುತ್ತ ಅವನು, "ಐತಿ ದೊಡ್ಡವ್ವ, ಕುಡಿ" ಎಂದ. ತಿರುಗಿ ನೋಡಲಿಲ್ಲ. ವಿಮಾನದಲ್ಲಿಟ್ಟಿದ್ದ ಬಾಟಲಿಯ ಮುಚ್ಚಳ ತಿರುಗಿದ ಸದ್ದು, ಸೀರೆಯ ಸೆರಗಿನ ಮೂಲಕ ಸೋಸಿಕೊಂಡು ಆಕೆ ಕುಡಿದ ಸದ್ದು, ಗುಟುಕು, ಮತ್ತೊಂದು ಗುಟುಕು. ಅಷ್ಟು ದೊಡ್ಡ ನೀರಡಿಕೆ ಒಂದು ಸಣ್ಣ ಮೈಯಲ್ಲಿ ಎಲ್ಲಿತ್ತೆಂದು ಅವನಿಗೆ ಭಯವಾಯಿತು. ಆಮೇಲೆ ವಿಮಾನ ಬಾವಿಗೆ ಇಳಿದಂತೆ ಕತ್ತಲೆಗೆ ಇಳಿಯಿತು. ಸಾಂಬ್ರಾದಲ್ಲಿ ದೀಪ ಹಚ್ಚಿದ್ದರು. ವ್ಯಾನಿನಲ್ಲಿ ಮಲಗಿಸುವಾಗ ಆಕೆ ಕೈಯನ್ನು ಹೊರಗೆ ಚಾಚಿ, ಗಾಳಿಯನ್ನು ಮುಟ್ಟಿ ನೋಡುವವಳಂತೆ ಬೆರಳು ಆಡಿಸಿ, "ಇಲ್ಲೆ ಭಾಳ ಹೊತ್ತಾಗೇತಲ್ಲೋ" ಎಂದಿದ್ದಳು. ಅಷ್ಟೇ ಅಂದದ್ದು.

ಮೇಲೆ ಹೊತ್ತು ತಡವಾಗಿ ಮುಳುಗುತ್ತದೆ, ಇದು ಸುಳ್ಳಲ್ಲ. ಪ್ರಯಾಣಿಕರಿಗೆ ಎಷ್ಟೋ ಸಲ ಹೆಮ್ಮೆಯಿಂದ ವಿವರಿಸಿದ್ದ. ಕೆಳಗೆ ದೀಪ ಹಚ್ಚಿದ ಮೇಲೂ ಮೇಲಿರುವವನಿಗೆ ಸೂರ್ಯ ಕಾಣುತ್ತಿರುತ್ತಾನೆ. ವಿಮಾನದ ಕಾನೂನಿನಲ್ಲಂತೂ ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಹಗಲೇ. ಅವನ ಬಳಿ ಬೇಕಾದಷ್ಟು ಸೂರ್ಯಾಸ್ತಗಳಿದ್ದವು, ಯಾವುದನ್ನಾದರೂ ಆರಿಸಿ ಕೊಡಬಹುದಿತ್ತು. ಒಂದೇ ತೊಡಕು, ಅವನು ನೋಡಿರಲಿಲ್ಲ. ಇತ್ತೋ ಇರಲಿಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಗೋಕಾಕ ಫಾಲ್ಸ್ ಬಂತು. ಗಿರಣಿಯ ಕಲ್ಲಿನ ಗೋಡೆ, ಅದರ ಕೆಳಗೆ ನೀರು ಕಡಿಮೆಯಾಗಿ ಎಲುಬು ತೋರಿಸುತ್ತಿದ್ದ ಬಂಡೆ. ಅಪ್ಪ ಈ ಗಿರಣಿಯಲ್ಲಿ ಪಾಳಿಯ ಮೇಲಿದ್ದ. ಅವ್ವ ತೀರಿಕೊಂಡ ಮೇಲೆ ವೃಷಭನನ್ನು ಕೊಣ್ಣೂರಿನಲ್ಲಿ ದೊಡ್ಡವ್ವನ ಮಡಿಲಿಗೆ ಹಾಕಿ, ಪಗಾರದ ದಿನ ಬಂದು ನೋಡಿ ಹೋಗುತ್ತಿದ್ದ. ಸಂಜೆ ದೊಡ್ಡವ್ವ ಅಂಗಳದಲ್ಲಿ ನಿಂತು ಕೈಯನ್ನು ಪಡುವಣಕ್ಕೆ ಉದ್ದ ಚಾಚಿ, ಸೂರ್ಯನಿಗೂ ನೆಲಕ್ಕೂ ನಡುವೆ ಬೆರಳು ಅಡ್ಡ ಹಿಡಿದು ಅಳೆಯುತ್ತಿದ್ದಳು. "ಇನ್ನ ಎರಡ ಬಟ್ಟ ಐತಿ, ಬಾರೋ ಉಣ್ಣಾಕ" ಎಂದು ಆಕೆ ಕೂಗಿದರೆ ಕಬ್ಬಿನ ಗದ್ದೆಯ ಆಚೆಗೂ ಕೇಳುತ್ತಿತ್ತು. ಆಗ ಆಕೆಯ ಕಣ್ಣು ಹದ್ದಿನ ಕಣ್ಣು. ಉಂಡು ಕೈ ತೊಳೆದ ಮೇಲೆ ಒಲೆಗೆ ನೀರು ಚಿಮುಕಿಸಿದ ಚುಸ್ಸೆಂಬ ಸದ್ದು; ಅದರೊಂದಿಗೆ ದಿನ ಮುಗಿಯುತ್ತಿತ್ತು. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಅವನು ಮೊದಲ ಸಲ ದೀಪದ ಬೆಳಕಿನಲ್ಲಿ ಉಂಡಾಗ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಅವನನ್ನು ಬೆಳಗಿನವರೆಗೆ ಎಚ್ಚರವಾಗಿಟ್ಟಿತ್ತು. ರಜೆಗೆ ಹೋದಾಗ ದೊಡ್ಡವ್ವ ಅದನ್ನು ಕೇಳಲಿಲ್ಲ. ಕೇಳದೆ ಅವನಿಗೂ ಎರಡು ಬೆರಳಿನ ಹೊತ್ತಿರುವಾಗಲೇ ಬಡಿಸಿದಳು.

ಸುಮನ್‌ಳನ್ನು ಕೇಳಬಹುದಿತ್ತು. ಆಕೆಯ ಕಿಟಕಿಯಲ್ಲಿತ್ತು ಉತ್ತರ. ಆಮೇಲೆ ಎಷ್ಟೋ ಸಲ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಹಾರಿದ್ದರು. ಒಂದು ಸಲವೂ ಕೇಳಲಿಲ್ಲ. ಜೀಪು ರೈಲ್ವೆ ಗೇಟಿನಲ್ಲಿ ನಿಂತಾಗ ಫೋನು ತೆಗೆದು ಒತ್ತಿದ. ಸಾಂಬ್ರಾದಲ್ಲಿ ವಿಮಾನದ ನೆರಳಿನಲ್ಲಿ ಕುಳಿತಿದ್ದ ಆಕೆ ಹುಬ್ಬಳ್ಳಿಯ ರೈಲ್ವೆ ಕಾಲೋನಿಯಲ್ಲಿ ಬೆಳೆದವಳ ಚುರುಕಿನಲ್ಲಿ, "ಸರ್, ಇಂಧನ ಆಯ್ತು. ಸಾವಕಾರರಿಗೆ ಸೋಡಾ ಸಿಗಲಿಲ್ಲ. ಮತ್ತೇನಾದರೂ ಬೇಕಾ?" ಎಂದಳು. ಆವತ್ತು ನಿನ್ನ ಕಡೆ, ಎಂದು ಅವನ ನಾಲಿಗೆ ಹೊರಟಿತು.

"ಏನಿಲ್ಲ. ಹೊತ್ತು ಮುಳುಗುವ ಮೊದಲೇ ಬರ್ತೀನಿ," ಎಂದು ಫೋನು ಇಟ್ಟ.

"ಹೆಣ್ಮಗಳು ಇಮಾನ ಹೊಡೀತಾಳ್ರಿ?" ಎಂದ ಉದ್ದಪ್ಪ.

"ಹೂಂ."

"ನಮ್ಮಾಕಿ ನನ್ನ ಹೊಡೀತಾಳ್ರಿ," ಎಂದು ಅವನು ಗೇರು ಹಾಕಿದ.

ಕೊಣ್ಣೂರಿನ ಮನೆಯ ಮುಂದೆ ಶುಭಾಂಗಿ ಕಾಯುತ್ತಲೇ ಇದ್ದಳು. ಕೈಯಲ್ಲಿ ಗಂಜಿಯ ಬಟ್ಟಲು. ಎಷ್ಟು ಸಲ ಬಿಸಿ ಮಾಡಿದ್ದಳೋ ಮೇಲೆ ಕೆನೆಯಂತೆ ಪದರಗಟ್ಟಿತ್ತು. ಅವನ ಮುಖವನ್ನೇ ನೋಡಿ, "ಏನೂ ಹೆಚ್ಚಿಗಿ ಮಾತಾಡಬ್ಯಾಡ," ಎಂದಳು ಮೆಲ್ಲಗೆ. "ಇತ್ತು, ನೋಡೇನಿ ಅನ್ನು. ಆಕಿ ಬಾಯಿ ತಗೀತಾಳ. ನಿನ್ನ ಮಾತಂದ್ರ ಆಕೀಗಿ ಕಲ್ಲಿನ ಮ್ಯಾಗಿನ ಬರಹ." ಅವನು ಬೂಟು ಬಿಚ್ಚಿದ. ಬಿಚ್ಚುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಪಡಸಾಲೆಯ ಬಾಗಿಲ ಬಳಿ, ಮಧ್ಯಾಹ್ನದ ಬಿಸಿಲು ಒಳಗೆ ಬೀಳುವಲ್ಲಿ ಮಂಚ ಹಾಕಿದ್ದರು. ದೊಡ್ಡವ್ವ ಗೋಡೆಗೆ ಒರಗಿದ್ದಳು. ಈ ಕೆಲವು ದಿನಗಳಲ್ಲಿ ಮುಖ ಇನ್ನೂ ಸಣ್ಣದಾಗಿ, ಅದರೊಳಗಿಂದ ಹುಡುಗಿಯೊಬ್ಬಳ ಮುಖ ಹೊರಬರುತ್ತಿರುವಂತಿತ್ತು.

"ಬಂದೀ?"

"ಬಂದೆ ದೊಡ್ಡವ್ವ."

ಆಕೆ ಕೈ ಚಾಚಿ ಅವನ ತಲೆ, ಕಿವಿ, ಆಮೇಲೆ ಹೆಗಲನ್ನು ಮುಟ್ಟಿದಳು. "ಇವೇನೋ, ಹಗ್ಗ ಸುತ್ತಿದಂಗ?"

"ಪಟ್ಟಿ. ಕ್ಯಾಪ್ಟನ್ ಅಂತ."

"ಎತ್ತಿಗಿ ಜೂಲ ಹಾಕಿದಂಗ ಹಾಕ್ಯಾರ," ಎಂದು ನಕ್ಕಳು. ನಗುವಿಗೆ ಉಸಿರು ಸಾಲಲಿಲ್ಲ. "ಒಂದ ಮಾತು ಕೇಳೂದೈತಿ," ಎಂದಳು. "ಆವತ್ತ ಐತಿ ಅಂದಿ. ನಿನ್ನ ಕಣ್ಣೀಲೆ ನೋಡಿ ಅಂದೀಯೋ?"

ಹಿಂದೆ ಶುಭಾಂಗಿ ಬಟ್ಟಲಿನಲ್ಲಿ ತಿರುವುತ್ತಿದ್ದ ಚಮಚ ನಿಂತಿತು. ಅವನಿಗೆ ಮತ್ತೆ ಮೂಡಣದ ಆ ನೀಲಿ ಕಂಬಳಿ ಕಂಡಿತು. ನೋಡಿಲ್ಲ ಎಂಬ ಮಾತು ಗಂಟಲ ತನಕ ಬಂದು, ಅಲ್ಲಿ ಗಂಜಿಯ ಬಟ್ಟಲನ್ನು ಕಂಡು, ಹಿಂದಿರುಗಿತು.

"ನೋಡಿ ಅಂದೆ. ಇತ್ತು."

"ಯಾವ ಗಲ್ಲಕ್ಕ ಬಡೀತಿತ್ತು?"

ಅವನ ತಲೆಯೊಳಗೆ ದಿಕ್ಸೂಚಿ ತಾನಾಗಿಯೇ ತಿರುಗಿತು. ಮುಖ ದಕ್ಷಿಣಕ್ಕೆ, ಪಡುವಣ ಬಲಕ್ಕೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗೆ ಅವನೆಂದೂ ತಪ್ಪಿರಲಿಲ್ಲ. "ಬಲಗಲ್ಲಕ್ಕ."

"ಹೌದು," ಎಂದಳು ದೊಡ್ಡವ್ವ. ತನ್ನ ಬಲಗಲ್ಲವನ್ನು ಅಂಗೈಯಿಂದ ಮುಚ್ಚಿಕೊಂಡಳು. "ನಂಗೂ ಬಲಗಲ್ಲಕ್ಕ ಬಡೀತಿತ್ತು. ಮುಂಬೈ ಬಿಟ್ಟಾಗಿಂದ. ಬೆಚ್ಚಗ, ಯಾರೋ ಕೈ ಇಟ್ಟಂಗ. ಆಮ್ಯಾಲ ಕೈ ತಗದಂಗಾತು. ಗಲ್ಲ ಆರಿತು. ಆರಿದ ಮ್ಯಾಲ ನಿನ್ನ ಕೇಳಿದೆ."

ಹೊರಗೆ ಟ್ರಾಲಿಯೊಂದು ಕಿರುಗುಟ್ಟುತ್ತ ಹೋಯಿತು.

"ಅವ್ವಾ, ಮಾಡ ಅಡ್ಡ ಬಂದಿರಬೇಕು," ಎಂದಳು ಶುಭಾಂಗಿ ಅವಸರದಿಂದ.

"ಮಾಡ ಕೆಳಗಿದ್ವಲ್ಲೇ. ನೀನ ಅಂದಿದ್ದಿ, ಅರಳಿ ಹಾಸಿದಂಗ ಅಂತ."

"ಮುಳಗೇತಿ ಅಂತ ಗೊತ್ತಿದ್ದೂ ಯಾಕ ಕೇಳಿದಿ ದೊಡ್ಡವ್ವ?" ಅವನ ದನಿ ಅವನಿಗೇ ಚಿಕ್ಕ ಹುಡುಗನ ದನಿಯಂತೆ ಕೇಳಿತು.

"ನೀರಡಿಕಿ ಆಗಿತ್ತು. ಐತಿ ಅನ್ನಾವ್ರು ಒಬ್ರು ಬೇಕಾಗಿತ್ತು. ನೀ ಅಂದಿ." ಆಕೆ ಅವನ ಕೈಯನ್ನು ಹುಡುಕಿ ಹಿಡಿದಳು. ಬೈಗುಳದ ಬಿಸಿ ಆ ಕೈಯಲ್ಲಿರಲಿಲ್ಲ. "ಅಂದಾಗಿಂದ ಅದನ್ನ ಎಣಿಸಾಕತ್ತೇನಿ. ಇವತ್ತ ಬಂದು ನೋಡಿದ್ದಿಲ್ಲ ದೊಡ್ಡವ್ವ ಅಂತಿದ್ದಿ ಅಂದ್ರ, ಇಬ್ರೂ ಕೂಡಿ ತಪ್ಪ ಮಾಡೇವಿ ಅಂತ ಹಗೂರಾಗಿ ಉಣ್ಣಾಕಿ ಇದ್ದೆ. ಈಗ ನಂದು ನಂಗ, ನಿಂದು ನಿಂಗ."

ಅವನು ಬಾಯಿ ತೆರೆದ. ಈಗ ಹೇಳಬಹುದಾದ ನಿಜಕ್ಕೆ ಯಾವ ಬೆಲೆಯೂ ಉಳಿದಿರಲಿಲ್ಲ. ನೆಲ ಮುಟ್ಟಿದ ಮೇಲೆ ವಿಮಾನದ ಗಾಲಿ ಹೊರಗೆ ಹಾಕಿದಂತೆ. ಆದರೂ ಹೇಳಿದ, "ನೋಡಿದ್ದಿಲ್ಲ ದೊಡ್ಡವ್ವ." ಆಕೆ "ಹೂಂ" ಎಂದಳು, ಅದು ತನಗೆ ಹಳೆಯ ಸುದ್ದಿ ಎನ್ನುವಂತೆ. ಆಮೇಲೆ ಶುಭಾಂಗಿಯ ಕಡೆ ಕೈ ನೀಡಿ ಬಟ್ಟಲು ಕೇಳಿದಳು. ಶುಭಾಂಗಿಯ ಮುಖ ಒಮ್ಮೆಲೇ ಬೆಳಗಿತು. ಓಡಿ ಬಂದು ಬಟ್ಟಲನ್ನು ತಾಯಿಯ ಎರಡೂ ಕೈಗಳ ನಡುವೆ ಇಟ್ಟಳು. ದೊಡ್ಡವ್ವ ಅದನ್ನು ಮೂಗಿನ ಹತ್ತಿರ ತಂದು, ಬಿಸಿಯನ್ನು ನೋಡಿ, ವೃಷಭನ ಕಡೆ ಚಾಚಿದಳು.

"ಉಣ್ಣು. ಮುಂಜಾನಿಂದ ಏನೂ ಉಂಡಿಲ್ಲ ನೀ, ಬಾಯಿ ವಾಸನಿ ಹೇಳತೈತಿ. ಇನ್ನಾ ಹೊತ್ತ ಐತಿ."

ಅವನು ಶುಭಾಂಗಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಬಟ್ಟಲು ಒಂದು ಕಡೆ ವಾಲುತ್ತಿತ್ತು, ಹಿಡಿಯದಿದ್ದರೆ ಬಿದ್ದುಹೋಗುತ್ತಿತ್ತು, ಅವನು ಹಿಡಿದ. ಉಂಡ. ಉಪ್ಪು ಕಡಿಮೆಯಿತ್ತು, ರೋಗಿಗೆಂದು ಮಾಡಿದ್ದು. ಪ್ರತಿ ಗುಟುಕೂ ಗಂಟಲಿಳಿಯುವ ಸದ್ದನ್ನು ಆ ಪಡಸಾಲೆಯಲ್ಲಿ ಎಲ್ಲರೂ ಕೇಳಿದರು. ದೊಡ್ಡವ್ವ ಕಿವಿಗೊಟ್ಟು ಕುಳಿತಿದ್ದಳು, ತಳ ಮುಟ್ಟಿದ ಚಮಚದ ಸದ್ದು ಬರುವ ತನಕ. ಆಮೇಲೆ ಚೊಂಬಿನ ನೀರಿನಿಂದ ತನ್ನ ಬಾಯನ್ನು ಮುಕ್ಕಳಿಸಿ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು. ಆ ಮನೆಯಲ್ಲಿ ಹಾಗೆ ಮಾಡಿದರೆ ಊಟ ಮುಗಿಯಿತೆಂದು ಅರ್ಥ. ಶುಭಾಂಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆಗೆ ನೀರು ಬಿದ್ದ ಚುಸ್ಸೆಂಬ ಸದ್ದು ಕೇಳಿತು, ಇನ್ನೂ ಅಷ್ಟೊಂದು ಬಿಸಿಲಿರುವಾಗಲೇ.

ಸಾವಕಾರರು ಸಾಂಬ್ರಾಕ್ಕೆ ತಡವಾಗಿ ಬಂದರು; ಬಾಯಲ್ಲಿ ಎಲೆ, ಕೈಯಲ್ಲಿ ಮದುವೆಯ ತೆಂಗಿನಕಾಯಿ. ಸೂರ್ಯ ಮುಳುಗಿದ ಬೆನ್ನಿಗೇ ವೃಷಭ ವಿಮಾನವನ್ನು ಎತ್ತಿದ. ಕೆಳಗೆ ಹುಕ್ಕೇರಿಯ ಕಡೆ ಒಂದೊಂದೇ ದೀಪ ಹತ್ತುತ್ತಿತ್ತು, ಎಲ್ಲೋ ಅಲ್ಲಿಂದಾಚೆ ಕೊಣ್ಣೂರೂ ಇರಬೇಕು, ಅಲ್ಲಿಯೂ ಒಂದು ದೀಪ. ಮೇಲೇರುತ್ತಿದ್ದಂತೆ ಅವನ ಎಡಗಡೆ, ಪಡುವಣದ ಕಪ್ಪು ಅಂಚಿನಿಂದ, ಮುಳುಗಿದ್ದ ಸೂರ್ಯ ಮತ್ತೆ ಹುಟ್ಟಿದ. ಇದನ್ನು ಅವನು ಹಿಂದೆಯೂ ಕಂಡಿದ್ದ, ಕಂಡಾಗೆಲ್ಲ ಹಿಂದಿನವರನ್ನು ಕರೆದು ತೋರಿಸಿದ್ದ. ಇವತ್ತು ನೇರ ಮುಂದೆ, ಮೀಟರುಗಳ ಮುಳ್ಳುಗಳನ್ನು ನೋಡುತ್ತ ಕುಳಿತ. ಬಿಸಿಲು ಬಂದು ಅವನ ಎಡಗಲ್ಲದ ಮೇಲೆ ಕೈ ಇಟ್ಟಿತು. ಬೆಚ್ಚಗಿತ್ತು. ಎಂಜಿನ್ನಿನ ಮೊರೆತದ ಒಳಗೆ ಗುಟುಕಿನ ಸದ್ದಿತ್ತು, ಅದು ಆಕೆಯದೋ ತನ್ನದೋ ಈಗ ಬೇರೆ ಮಾಡಲಾಗುತ್ತಿರಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಸುಮನ್ ಮಡಿಲಿನ ಕಾಗದದಲ್ಲಿ ಇಂಧನದ ಲೆಕ್ಕ ಬರೆಯುತ್ತಲೇ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು. ಅವನು ಅದನ್ನು ಹಿಡಿದು ಕುಳಿತ, ಮುಚ್ಚಳ ತೆಗೆಯಲಿಲ್ಲ. ಕೊಲ್ಹಾಪುರ ದಾಟಿರಬೇಕು. ಗಲ್ಲದ ಮೇಲಿನ ಕೈ ಹಗುರಾಯಿತು, ಇನ್ನೂ ಹಗುರಾಯಿತು, ಆಮೇಲೆ ಅಲ್ಲಿರಲಿಲ್ಲ. ಗಲ್ಲ ಆರಿತು. ಕತ್ತನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದ್ದರೆ ಸಾಕಿತ್ತು.

"ಸುಮನ್," ಎಂದ ಅವನು, "ಸೂರ್ಯ ಇದೆಯಾ ಇನ್ನೂ?"

ಬಲಗಡೆಯ ಕುರ್ಚಿಯಲ್ಲಿ, ಮೂಡಣದ ಕತ್ತಲೆ ತುಂಬಿದ ಕಿಟಕಿಯ ಪಕ್ಕದಲ್ಲಿ ಬರೆಯುತ್ತಿದ್ದ ಆಕೆ ತಲೆ ಎತ್ತಲಿಲ್ಲ.

"ಇದೆ ಸರ್," ಎಂದಳು.

ಅವನು ಮುಚ್ಚಳ ತಿರುಗಿಸಿ ಕುಡಿದ.